ವೆಲ್ವೆಟ್ ಸ್ಟ್ರೀಟ್‌ನ ಕೊನೆಯ ಹಾಳೆ

ಪ್ಲಾಸ್ಟಿಕ್ ಲಕೋಟೆಯ ಬಾಯಿ ಬಿಚ್ಚುವಾಗ ವೆಂಡೆಲ್ ಕ್ರೌಸ್‌ನ ಕೈ ನಡುಗಿತು. ನಲವತ್ತು ವರ್ಷ ಡೇಟನ್ ಊರಿನವರ ಹಲ್ಲು ಕಿತ್ತ ಕೈ ಅದು. ಆಗೆಲ್ಲ ನಡುಗುತ್ತಿದ್ದವರು ಕುರ್ಚಿಯಲ್ಲಿ ಕೂತವರು. ಆದರೆ ಇದು ಹಲ್ಲಲ್ಲ, ೧೯೫೪ರ ಅಕ್ಟೋಬರ್ ತಿಂಗಳ ‘ವೆಲ್ವೆಟ್ ಸ್ಟ್ರೀಟ್’ ಪತ್ರಿಕೆ. ಹಳೆಯ ಪತ್ರಿಕೆಗಳ ಮೇಳದ ತೀರ್ಪುಗಾರರು ಮೂರು ಗಂಟೆಗೆ ಅವನ ಮೇಜಿಗೆ ಬರುವವರಿದ್ದರು. ‘ಅತ್ಯಂತ ಸಂಪೂರ್ಣ ಪ್ರತಿ’ ಎಂಬ ಫಲಕ ಈ ಸಲ ತನಗೇ ಎಂದು ಅವನು ಮನೆಯ ಗೋಡೆಗೆ ಮೊಳೆಯನ್ನೂ ಹೊಡೆದು ಬಂದಿದ್ದ.

ಆ ಧೈರ್ಯಕ್ಕೆ ಕಾರಣವಿತ್ತು. ದೇಶದಲ್ಲಿ ಆ ಸಂಚಿಕೆಯ ಹನ್ನೆರಡು ಪ್ರತಿಗಳು ಉಳಿದಿದ್ದವು, ಹನ್ನೊಂದಕ್ಕೆ ಕೊನೆಯ ಹಾಳೆಯೇ ಇರಲಿಲ್ಲ. ಇವನದಕ್ಕೆ ಮಾತ್ರ ಇತ್ತು. ಉಳಿದವುಗಳ ಹಾಳೆ ಯಾಕೆ ಉದುರಿತೆಂದು ವೆಂಡೆಲ್ ಒಂಬತ್ತು ಪುಟದ ಲೇಖನ ಬರೆದು, ಪಾಪ ಮುದ್ರಣಾಲಯದ ಗೋಂದನ್ನು ಹಿಗ್ಗಾಮುಗ್ಗಾ ಬೈದಿದ್ದ. ಕಥೆಯನ್ನು ಮಾತ್ರ ಓದಿರಲಿಲ್ಲ. ಓದಬೇಕೆಂದರೆ ಲಕೋಟೆ ಬಿಚ್ಚಬೇಕು, ಬಿಚ್ಚಿದರೆ ಪ್ರತಿಯ ದರ್ಜೆ ಇಳಿಯುತ್ತದೆ. ಹೆಣ್ಣನ್ನು ಪ್ರೀತಿಸುವ ಹೆಣ್ಣುಗಳ ಕಥೆಯುಳ್ಳ ಇಂಥ ನಾನೂರು ಪತ್ರಿಕೆ ಅವನಲ್ಲಿದ್ದವು, ಆ ಹೆಣ್ಣುಗಳ ಬಗ್ಗೆ ಅವನಿಗೆ ಗೊತ್ತಿದ್ದುದು ಮುಖಪುಟದಷ್ಟೇ. ಒಬ್ಬಳು ಒಳಲಂಗದಲ್ಲಿ ಹಾಸಿಗೆಯ ಅಂಚಿಗೆ ಕೂತಿರುತ್ತಾಳೆ, ಇನ್ನೊಬ್ಬಳು ಬಾಗಿಲಲ್ಲಿ ಸಿಗರೇಟು ಹಿಡಿದು ಹುಬ್ಬೇರಿಸಿರುತ್ತಾಳೆ. ಇಷ್ಟರ ಮೇಲೆ ಅವನು ಮೂರು ಊರುಗಳಲ್ಲಿ ಭಾಷಣ ಮಾಡಿದ್ದ.

ಈಗ ಲಕೋಟೆ ಬಿಚ್ಚಿಸಿದವರು ಮೇಜಿನ ಆಚೆಗಿದ್ದ ಇಬ್ಬರು ಮುದುಕಿಯರು. ಗಾಲಿಕುರ್ಚಿಯಲ್ಲಿ ಕೂತವಳು ಓಪಲ್, ಅದನ್ನು ತಳ್ಳಿಕೊಂಡು ಬಂದವಳು ಬರ್ನಡೀನ್. ಇಬ್ಬರಿಗೂ ಎಂಬತ್ತರ ಹತ್ತಿರ. ಟೊಲೀಡೋದಲ್ಲಿ ಹುಡುಗಿಯರ ವಸತಿಗೃಹದಲ್ಲಿದ್ದಾಗ ಇದೇ ಸಂಚಿಕೆಯನ್ನು ಓದಿದ್ದೆವೆಂದು ಅವರು ಹೇಳಿದಾಗ ವೆಂಡೆಲ್‌ಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಆ ಕಾಲದ ಜೀವಂತ ಓದುಗರು! ಹಾಳೆ ಗೋಂದಿನ ದೆಸೆಯಿಂದಲೇ ಉದುರುತ್ತಿತ್ತೆಂದು ಎರಡು ಸಾಲು ಬರೆದು ಸಹಿ ಮಾಡಿಕೊಟ್ಟರೆ ಸಾಕು, ತೀರ್ಪುಗಾರರು ತೆಪ್ಪಗಾಗುತ್ತಾರೆ. ಬರ್ನಡೀನ್ ಸಹಿಯ ಮಾತನ್ನು ಆಮೇಲೆ ನೋಡೋಣವೆಂದು ತಳ್ಳಿದಳು. ಓಪಲ್ ಮಾತ್ರ ಪಟ್ಟು ಹಿಡಿದಳು.

“ಕೊನೇ ಹಾಳೆ ಓದೋಕೆ ಕೊಡಿ ಡಾಕ್ಟ್ರೇ. ನನ್ನ ಕೈಗೆ ಬಂದಾಗ ಅದು ಇರ್ಲಿಲ್ಲ. ಕಥೇಲಿರೋ ಇರ್ಮಾ, ಗೇಲ್ ಇಬ್ರೂ ಊರು ಬಿಟ್ಟು ಹೋಗಿ ಮನೆ ಮಾಡಿ ಕೋಳಿ ಸಾಕ್ಕೊಂಡ್ರು ಅಂತ ಇವಳು ಬಾಯಲ್ಲಿ ಹೇಳಿದ್ದೇ ಹೇಳಿದ್ದು. ಅದನ್ನ ನಂಬ್ಕೊಂಡು ನಾನೂ ಇವಳ ಜೊತೆ ಬಂದ್ಬಿಟ್ಟೆ. ಅರವತ್ತು ವರ್ಷ ಆಯ್ತು, ಒಂದ್ಸಲ ಕಣ್ಣಾರೆ ನೋಡ್ಬೇಕು.”

“ಮೊದಲು ನಾನು ನೋಡ್ತೀನಿ ಕೊಡಿ,” ಎಂದಳು ಬರ್ನಡೀನ್.

ವೆಂಡೆಲ್ ಇಬ್ಬರಿಗೂ ಬಿಳಿ ಕೈಗವಸು ತೊಡಿಸಿ ಪತ್ರಿಕೆ ಕೊಟ್ಟ. ಕೊಡುತ್ತ ಸುಮ್ಮನಿರಲಾರದೆ ಭಾಷಣದ ಒಂದು ತುಣುಕನ್ನೂ ಒಪ್ಪಿಸಿದ. ಆಗೆಲ್ಲ ಇಂಥ ಕಥೆ ಸುಖವಾಗಿ ಮುಗಿದರೆ ಅಂಚೆಯವರು ಕಟ್ಟುಗಟ್ಟಲೆ ಜಪ್ತಿ ಮಾಡುತ್ತಿದ್ದರಂತೆ. ಅದಕ್ಕೆ ಸಂಪಾದಕರು ನೂರು ಪುಟ ಮುದ್ದಾಟ ನಡೆಸಿ, ಕೊನೆಯ ಹಾಳೆಯಲ್ಲಿ ಒಬ್ಬಳನ್ನು ಕೊಂದು ಇನ್ನೊಬ್ಬಳಿಗೆ ಮದುವೆ ಮಾಡಿಸುತ್ತಿದ್ದರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಇಷ್ಟು ತಿಳಿದವನಿಗೆ ಗೋಂದಿನ ಆಚೆಗೆ ಇನ್ನೇನೂ ಹೊಳೆದಿರಲಿಲ್ಲ, ಪಂಡಿತರ ಹಣೆಬರಹವೇ ಹಾಗೆ.

ಬರ್ನಡೀನ್ ಓದಿದಳು. ಇರ್ಮಾ ಆಸ್ಪತ್ರೆಯ ಮಾಳಿಗೆಯಿಂದ ಹಾರಿದ್ದಳು. ಗೇಲ್ ದೊಡ್ಡ ಡಾಕ್ಟರನ್ನು ಮದುವೆಯಾಗಿ, ತನಗೆ ಕವಿದಿದ್ದ ಮಂಕು ಹರಿಯಿತೆಂದು ದೇವರಿಗೆ ಕೈಮುಗಿದಿದ್ದಳು. ಕುರ್ಚಿಯಲ್ಲಿ ಓಪಲ್ ಭೂತಗನ್ನಡಿ ಹಿಡಿದು ಮಗುವಿನ ಹಾಗೆ ಕೈ ಚಾಚಿ ಕಾಯುತ್ತಿದ್ದಳು. ಬರ್ನಡೀನ್ ಅವಳ ಮುಖವನ್ನೊಮ್ಮೆ ನೋಡಿದಳು. ಮರುಕ್ಷಣ ಪರ್ರ್ ಎಂಬ ಸದ್ದಾಯಿತು. ಹಾಳೆ ನಾಲ್ಕು ಮಡಿಕೆಯಾಗಿ ಅವಳ ಕೈಚೀಲ ಸೇರಿತು, ಪತ್ರಿಕೆ ಓಪಲ್‌ನ ಕೈ ಸೇರಿತು.

“ಇದಕ್ಕೂ ಇಲ್ಲ ಕಣೇ,” ಎಂದು ಬರ್ನಡೀನ್ ಓಪಲ್‌ನ ಮಂದವಾದ ಕಿವಿಯ ಹತ್ತಿರ ಬಾಗಿ ಗಟ್ಟಿಯಾಗಿ ಹೇಳಿದಳು. ಓಪಲ್ ನಿಟ್ಟುಸಿರು ಬಿಟ್ಟು, ಇದ್ದ ಪುಟಗಳ ಮೇಲೆಯೇ ಭೂತಗನ್ನಡಿ ಆಡಿಸತೊಡಗಿದಳು.

ವೆಂಡೆಲ್ ಮೇಜಿನ ಮೇಲೆ ಬಾಗಿದ. ತೀರ್ಪುಗಾರರು ಎರಡು ಮೇಜಿನಷ್ಟು ದೂರದಲ್ಲಿದ್ದರು. “ಏನಮ್ಮಾ ಇದು ನೀವು ಮಾಡಿದ್ದು?”

“ನಾವು ಯಾವಾಗ್ಲೂ ಮಾಡ್ತಿದ್ದಿದ್ದೇ,” ಬರ್ನಡೀನ್ ದನಿ ತಗ್ಗಿಸಿದಳು. “ಮೊದಲು ಓದಿದವಳು ಮುಂದಿನವಳಿಗೆ ಕೊಡೋಕೆ ಮುಂಚೆ ಕೊನೇ ಹಾಳೆ ಹರಿದು ಒಲೆಗೆ ಹಾಕ್ಬೇಕು. ಟೊಲೀಡೋದಲ್ಲಿ ಅಷ್ಟೇ ಅಲ್ಲ, ಎಲ್ಲ ಊರಲ್ಲೂ ಹಂಗೇ.”

“ಇಡೀ ದೇಶದಲ್ಲಿ ಇದೊಂದಕ್ಕೇ ಕೊನೇ ಹಾಳೆ ಉಳಿದಿತ್ತಮ್ಮಾ!”

“ಅದೇ ನಾನೂ ಯೋಚಿಸ್ತಿದೀನಿ ಡಾಕ್ಟ್ರೇ,” ಎಂದಳು ಅವಳು, ಕೈಗವಸು ಕಳಚಿ ಮೇಜಿನ ಮೇಲಿಡುತ್ತ. “ಇದೊಂದು ಹ್ಯಾಗೆ ನಮ್ಮ ಕೈ ತಪ್ಪಿಸ್ಕೊಂಡಿತ್ತೋ.”