ತಣ್ಣಗಿರಬೇಕಾದ ರಕ್ತ

ಬಸ್ ಡ್ರೈವರ್ ಲ್ಯಾಬಿನ ಮಂಚದ ಮೇಲೆ ಗೊರಕೆ ಹೊಡೆಯುತ್ತಿದ್ದ. ಅವನ ತೋಳಿನಿಂದ ಆಗಷ್ಟೇ ತೆಗೆದ ರಕ್ತದ ಟ್ಯೂಬು ಹಿಡಿದು ನರ್ಸ್ ಐಸ್ ಡಬ್ಬಿಯ ಮುಚ್ಚಳ ತೆರೆದಳು. ಒಳಗೆ ಡಾಕ್ಟರಮ್ಮನ ದ್ರಾಕ್ಷಿ ಹಾಯಾಗಿ ಮಲಗಿತ್ತು.

ಡ್ರೈವರುಗಳ ಮೈಯಲ್ಲಿ ಒತ್ತಡದ ಹಾರ್ಮೋನು ಎಷ್ಟಿದೆಯೆಂದು ಡಾಕ್ಟರಮ್ಮ ಅಳೆಯುತ್ತಿದ್ದರು. ಆ ಹಾರ್ಮೋನು ಮಹಾ ಮುಂಗೋಪಿ. ಸೂಜಿ ಕಂಡರೂ ಏರುತ್ತದೆ. ಅದಕ್ಕೇ ಸೂಜಿ ಚುಚ್ಚಿಟ್ಟು, ಆಳನ್ನು ಸ್ವಲ್ಪ ಹೊತ್ತು ಸುಮ್ಮನೆ ಮಲಗಿಸಿ, ಆಮೇಲೆ ರಕ್ತ ತೆಗೆಯಬೇಕು. ತೆಗೆದದ್ದು ಕೂಡಲೇ ಐಸಿಗೆ ಹೋಗಬೇಕು. ಬೆಚ್ಚಗೆ ಬಿಟ್ಟರೆ ಹಾರ್ಮೋನು ಒಡೆದುಹೋಗಿ ಲೆಕ್ಕವೇ ಹಳ್ಳ ಹಿಡಿಯುತ್ತದೆ.

ನರ್ಸ್ ಟ್ಯೂಬನ್ನು ಮೇಜಿನ ಮೇಲಿನ ಸ್ಟ್ಯಾಂಡಿನಲ್ಲಿ ನಿಲ್ಲಿಸಿ ಸೊಂಟಕ್ಕೆ ಕೈ ಕೊಟ್ಟಳು. ಇದು ಯಾರಪ್ಪನ ಮನೆ ಫ್ರಿಜ್ಜು ಎಂದು ಕೇಳಿದಳು. ಹೋದ ವಾರ ಇದರಲ್ಲೇ ಜ್ಯೂಸ್ ಬಾಟಲಿ ಇಟ್ಟವರು ಯಾರೆಂದು ಡಾಕ್ಟರಮ್ಮ ಕೇಳಿದರು. ಮಾತಿಗೆ ಮಾತು ಬೆಳೆಯಿತು. ರಜೆ, ಸಂಬಳ, ಕೊನೆಗೆ ಇಬ್ಬರ ಅತ್ತೆಯಂದಿರೂ ಲ್ಯಾಬಿಗೆ ಬಂದು ಹೋದರು. ಡ್ರೈವರ್ ಮಗ್ಗುಲು ಕೂಡ ಬದಲಿಸಲಿಲ್ಲ. ಇಬ್ಬರೂ ಸುಸ್ತಾಗಿ ಉಸಿರು ಬಿಟ್ಟಾಗ ಟ್ಯೂಬು ಮೇಜಿನ ಮೇಲೇ ಇತ್ತು, ಕಿಟಕಿಯ ಬಿಸಿಲು ಕಾಯಿಸುತ್ತ.

“ಈಗ ಐಸಿಗೆ ಹಾಕಿಬಿಡೋಣ ಮೇಡಂ. ಯಾರಿಗೆ ಗೊತ್ತಾಗುತ್ತೆ?” ನರ್ಸ್ ಪಿಸುಗುಟ್ಟಿದಳು.

ಡಾಕ್ಟರಮ್ಮನಿಗೂ ಆಸೆಯಾಯಿತು. ಈ ಆಸಾಮಿಯನ್ನು ಒಪ್ಪಿಸುವಷ್ಟರಲ್ಲಿ ಸಾಕುಸಾಕಾಗಿತ್ತು. ಬೆಳಿಗ್ಗೆ ಬಂದವನೇ, ಪುಕ್ಕಟೆ ರಕ್ತ ಹೀರೋಕೆ ಮನೇಲಿ ಸೊಳ್ಳೆಗಳಿಲ್ವಾ ಎಂದು ಬಾಗಿಲಲ್ಲೇ ರೇಗಿದ್ದ. ಇನ್ನೊಮ್ಮೆ ಬಾ ಎಂದರೆ ಲ್ಯಾಬಿನ ಮೇಲೇ ಬಸ್ಸು ಹತ್ತಿಸಿಯಾನು. ಅವರು ಟ್ಯೂಬನ್ನು ಕೈಗೆತ್ತಿಕೊಂಡು ನೋಡಿದರು. ಬೆಚ್ಚಗಿತ್ತು.

“ಸುಳ್ಳನ್ನ ತಣ್ಣಗಿಟ್ರೂ ಅದು ಸುಳ್ಳೇ ಕಣೇ” ಎಂದು ಅದನ್ನು ಕಸದ ಡಬ್ಬಿಗೆ ಹಾಕಿದರು.

ಡ್ರೈವರನ್ನು ಎಬ್ಬಿಸಿದರು. ನರ್ಸ್ ಎರಡು ಹೆಜ್ಜೆ ಹಿಂದೆ ನಿಂತಳು. ತಪ್ಪು ತಮ್ಮದೇ, ರಕ್ತ ಹಾಳಾಯಿತು, ನಾಳೆ ಇನ್ನೊಮ್ಮೆ ಬರಬೇಕಾಗುತ್ತದೆ ಎಂದು ಡಾಕ್ಟರಮ್ಮ ಒಂದೇ ಉಸಿರಿಗೆ ಹೇಳಿ ಮುಗಿಸಿದರು.

ಅವನು ಕಣ್ಣುಜ್ಜಿಕೊಂಡ. ತಲೆದಿಂಬನ್ನೊಮ್ಮೆ, ಮುಚ್ಚಿದ ಬಾಗಿಲನ್ನೊಮ್ಮೆ ನೋಡಿದ.

“ನಾಳೇನೂ ಹಿಂಗೇ ಸುಮ್ನೆ ಮಲಗಬೇಕಾ? ಯಾರೂ ಎಬ್ಬಿಸಲ್ವಾ?”

“ಹೂಂ. ಯಾರೂ ಎಬ್ಬಿಸಲ್ಲ.”

ಅವನು ಚಪ್ಪಲಿ ಮೆಟ್ಟಿ ಬಾಗಿಲವರೆಗೆ ಹೋದವನು ತಿರುಗಿ ನಿಂತು, ದನಿ ತಗ್ಗಿಸಿದ.

“ನಾಳೇದೂ ಹಾಳಾದ್ರೆ ಬೇಜಾರ್ ಮಾಡ್ಕೋಬೇಡಿ ಡಾಕ್ಟ್ರೇ. ನಾಡಿದ್ದೂ ಬರ್ತೀನಿ.”