ಯಲ್ಲಯ್ಯನ ಬ್ಲೇಡು

"ಕೆಲಸ ಏನು ಅಂತ ಬರೀಲಿ ಅಂಕಲ್?" ಕೌಂಟರಿನಲ್ಲಿದ್ದ ಪ್ರಿಯಾಂಕಾ ಕೇಳಿದಳು.

"ಅದೆಲ್ಲ ಯಾಕಮ್ಮ? ಖಾಲಿ ಬಿಡು" ಎಂದರು ಸೋಮಲಿಂಗಪ್ಪ. ಮಾಸ್ಕನ್ನು ಕಣ್ಣಿನವರೆಗೂ ಎಳೆದುಕೊಂಡು ಮೂಲೆಯ ಕುರ್ಚಿ ಹಿಡಿದರು.

ಮನೆ ಇರುವುದು ಇಟ್ಟಮಡುವಿನಲ್ಲಿ. ಅಲ್ಲಿ ಹಲ್ಲಿನ ಆಸ್ಪತ್ರೆಗಳಿಗೇನೂ ಬರವಿಲ್ಲ. ಆದರೂ ಸಾರಕ್ಕಿ ಸಿಗ್ನಲ್ಲಿನಲ್ಲಿ ಅರ್ಧ ಗಂಟೆ ಆಟೋದಲ್ಲಿ ಬೆವರಿ, ಗುರುತಿನವರು ಯಾರೂ ಇಲ್ಲದ ಪುಟ್ಟೇನಹಳ್ಳಿಯ ಈ ಪುಟ್ಟ ಕ್ಲಿನಿಕ್ಕಿಗೆ ಬಂದಿದ್ದರು. ಗದ್ದದ ಮೇಲೆ ಕಡಲೆಕಾಳಿನಷ್ಟು ಕೆಂಪು ಗಾಯ. ಆರು ತಿಂಗಳಿಂದ ಕೀವು ಒಸರುತ್ತಿತ್ತು. ಅರವತ್ತರ ಹತ್ತಿರ ಬಂದ ಗಂಡಸಿಗೆ ಇಷ್ಟಕ್ಕೇ ಇಷ್ಟೊಂದು ನಾಚಿಕೆಯೇ ಎಂದು ಯಾರಾದರೂ ಕೇಳಬಹುದು. ಅವರಿಗೆ ನಾಚಿಕೆಯಾಗಿದ್ದು ಗಾಯಕ್ಕಲ್ಲ, ಯಲ್ಲಯ್ಯನಿಗೆ ಮಾಡಿದ ಕೆಲಸಕ್ಕೆ.

ಯಲ್ಲಯ್ಯ ಇಟ್ಟಮಡುವಿನ ಕಟಿಂಗ್ ಶಾಪಿನವನು. ಇಪ್ಪತ್ತು ವರ್ಷದಿಂದ ಸೋಮಲಿಂಗಪ್ಪನವರ ಗಡ್ಡ ಅವನ ಕೈಯಲ್ಲೇ. ಗಾಯವನ್ನು ಮೊದಲು ಕಂಡವನೂ ಅವನೇ. "ಸಾರ್, ಇದು ಚರ್ಮದ್ದಲ್ಲ ಅನ್ಸುತ್ತೆ. ನಮ್ಮಪ್ಪನ ಗಿರಾಕಿ ಒಬ್ರಿಗೆ ಹಿಂಗೇ ಆಗಿತ್ತು. ಹಲ್ಲು ಕೀಳಿಸಿದ ಮೇಲೆ ವಾಸಿಯಾಯ್ತು. ಒಂದ್ಸಲ ಹಲ್ಲು ತೋರ್ಸಿ" ಎಂದಿದ್ದ.

ಸೋಮಲಿಂಗಪ್ಪನವರಿಗೆ ಮೈಯೆಲ್ಲ ಉರಿದುಹೋಯಿತು. "ಹಲ್ಲಿನ ವಿಷಯ ನೀನು ನನಗೆ ಹೇಳ್ಕೊಡ್ತೀಯೇನೋ? ನಿನ್ನ ಕೊಳಕು ಬ್ಲೇಡಿಂದ ಆಗಿದ್ದು ಇದು!" ಎಂದು ನಾಲ್ಕು ಗಿರಾಕಿಗಳ ಮುಂದೆ ಕೂಗಾಡಿ, ಅರ್ಧ ನೊರೆ ಒರೆಸಿಕೊಂಡು ಎದ್ದು ಬಂದಿದ್ದರು.

ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಬಿಡಲಿಲ್ಲ. ಗದ್ದದ ಫೋಟೋ ತೆಗೆದು ಬಡಾವಣೆಯ ವಾಟ್ಸಾಪ್ ಗುಂಪಿಗೆ ಹಾಕಿದರು. ಯಲ್ಲಯ್ಯನ ಬ್ಲೇಡಿನಿಂದ ಸೋಂಕು, ಎಲ್ಲರೂ ಎಚ್ಚರವಾಗಿರಿ ಎಂದು ಬರೆದರು. ಬೇರೆ ಯಾರಾದರೂ ಬರೆದಿದ್ದರೆ ಜನ ಎರಡು ಪ್ರಶ್ನೆ ಕೇಳುತ್ತಿದ್ದರೋ ಏನೋ. ಸೋಮಲಿಂಗಪ್ಪನವರೇ ಬರೆದ ಮೇಲೆ ಕೇಳುವವರಾರು? ವಾರದೊಳಗೆ ಯಲ್ಲಯ್ಯನ ಮೂರು ಕುರ್ಚಿಗಳೂ ಖಾಲಿಯಾದವು.

ಗಾಯ ಮಾತ್ರ ಹೋಗಲಿಲ್ಲ. ಚರ್ಮದ ಡಾಕ್ಟರು ಮುಲಾಮು ಕೊಟ್ಟರು, ಮಾತ್ರೆ ಕೊಟ್ಟರು, ಕೊನೆಗೆ ಕತ್ತರಿಸಿ ಹೊಲಿಗೆಯನ್ನೂ ಹಾಕಿದರು. ತಿಂಗಳಿಗೆ ಅದೇ ಜಾಗದಲ್ಲಿ ಮತ್ತೆ ಒಸರಿತು. ಎರಡು ತಿಂಗಳಿಂದ ಗದ್ದಕ್ಕೆ ಬ್ಲೇಡನ್ನೇ ಸೋಕಿಸಿರಲಿಲ್ಲ. ಹಾಗಾದರೆ ಇದು ಬಂದದ್ದೆಲ್ಲಿಂದ? ಆ ಪ್ರಶ್ನೆ ಎದೆಯಲ್ಲಿ ಕೂತ ಮೇಲೆ ನಿದ್ದೆ ಹತ್ತಲಿಲ್ಲ.

ಪುಟ್ಟೇನಹಳ್ಳಿ ಕ್ಲಿನಿಕ್ಕಿನ ಡಾಕ್ಟರ್ ಇಂಚರ ಇನ್ನೂ ಚಿಕ್ಕ ವಯಸ್ಸಿನವಳು. ಕುರ್ಚಿಯಲ್ಲಿ ಮಲಗಿದ ಸೋಮಲಿಂಗಪ್ಪನವರಿಗೆ ಕೈ ಎಲ್ಲಿಡಬೇಕೆಂದೇ ತಿಳಿಯಲಿಲ್ಲ. ಇಂಥ ಕುರ್ಚಿಯಲ್ಲಿ ಅವರು ಜನ್ಮದಲ್ಲಿ ಮಲಗಿದವರಲ್ಲ. ಅವಳು ಗದ್ದ ಒತ್ತಿ ನೋಡಿದಳು, ಕೆಳಗಿನ ಮುಂದಿನ ಹಲ್ಲುಗಳನ್ನು ಒಂದೊಂದಾಗಿ ತಟ್ಟಿದಳು, ಎಕ್ಸ್‌ರೇ ತೆಗೆದಳು.

"ಯಾವತ್ತಾದ್ರೂ ಇಲ್ಲಿ ಏಟು ಬಿದ್ದಿತ್ತಾ ಸಾರ್?"

"ಕಾಲೇಜಿನಲ್ಲಿ. ಕ್ರಿಕೆಟ್ ಬಾಲು."

"ಅವತ್ತೇ ಈ ಹಲ್ಲು ಒಳಗೊಳಗೆ ಸತ್ತಿದೆ. ಸತ್ತಿದ್ದು ನೋಯಲ್ಲ ನೋಡಿ, ಅದಕ್ಕೇ ನಿಮಗೆ ಗೊತ್ತಾಗಿಲ್ಲ. ಬೇರಿನ ತುದೀಲಿ ಕೀವಾಗಿ, ಮೂಳೆ ಕೊರೆದು ಗದ್ದದಿಂದ ಆಚೆ ಬರ್ತಿದೆ. ಬೇರು ಕ್ಲೀನ್ ಮಾಡಿ ಮುಚ್ಚಿದ್ರೆ ಗಾಯ ತಾನಾಗೇ ಹೋಗುತ್ತೆ." ಅವಳು ನಕ್ಕಳು. "ಬೇಜಾರು ಮಾಡ್ಕೋಬೇಡಿ ಸಾರ್. ಚರ್ಮದ ಕಾಯಿಲೆ ಅಂತ ಎಷ್ಟೋ ಜನ ಮೋಸ ಹೋಗ್ತಾರೆ. ಹಲ್ಲಿನ ಡಾಕ್ಟ್ರ ಕಣ್ಣಿಗೆ ಬಿದ್ರೆ ಮಾತ್ರ ಒಂದೇ ನಿಮಿಷ."

ಸೋಮಲಿಂಗಪ್ಪ ಕಣ್ಣು ಮುಚ್ಚಿಕೊಂಡರು. ಚಿಕಿತ್ಸೆ ಅಂದೇ ಶುರುವಾಯಿತು. ಎರಡನೇ ಸಲ ಹೋಗಿ ಬರುವಷ್ಟರಲ್ಲಿ ಕೀವು ನಿಂತಿತ್ತು. ಅದು ವಾಸಿಯಾದಷ್ಟೂ ಅವರ ಮುಖ ಬಾಡಿತು.

ಹೆಂಡತಿ ಕಮಲಾದೇವಿ ಮುಲಾಜು ನೋಡುವವರಲ್ಲ. "ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ರೂ ಪಕ್ಕದ ಎಲೆಯ ನೊಣ ತೋರಿಸಿದ್ರಂತೆ. ಯಲ್ಲಯ್ಯ ಇವತ್ತು ಅಂಗಡಿ ಖಾಲಿ ಮಾಡ್ತಿದಾನೆ, ಗೊತ್ತಾ? ಹೋಗಿ ತಪ್ಪಾಯ್ತು ಅನ್ನಿ."

"ಜನ ಏನಂತಾರೆ ಕಮಲಾ? ನಾನು ಮತ್ತೆ ತಲೆ ಎತ್ತೋದು ಹೇಗೆ?"

"ಅವನು ಹೊಟ್ಟೆಗೆ ಏನು ತಿನ್ನೋದು, ಅದು ಮೊದಲು ಹೇಳಿ."

ಅವರು ಹೋದಾಗ ಯಲ್ಲಯ್ಯ ಗೋಡೆಯ ದೊಡ್ಡ ಕನ್ನಡಿಯ ತಿರುಪು ಬಿಚ್ಚುತ್ತಿದ್ದ. ತಿರುಗಿ ನೋಡಿದ. ಬೈಯಲಿಲ್ಲ. ಅಭ್ಯಾಸಬಲದಿಂದ ಕಣ್ಣು ನೇರ ಗದ್ದಕ್ಕೆ ಹೋಯಿತು.

"ವಾಸಿಯಾಗಿದೆಯಲ್ಲ ಸಾರ್?"

ಆ ಪ್ರೀತಿಯ ದನಿ ಕಪಾಳಕ್ಕೆ ಹೊಡೆದಂತಾಯಿತು. "ಹಲ್ಲೇ ಕಣೋ. ನೀನು ಹೇಳಿದ್ದೇ ಸರಿ. ತಪ್ಪಾಯ್ತು" ಎಂದರು ಸೋಮಲಿಂಗಪ್ಪ. "ಬೆಳಿಗ್ಗೆ ಪಾರ್ಕಿನಲ್ಲಿ ಎಲ್ಲರಿಗೂ ನಾನೇ ಹೇಳ್ತೀನಿ."

ಯಲ್ಲಯ್ಯ ಬಿಚ್ಚಿದ ತಿರುಪನ್ನು ಪಕ್ಕಕ್ಕಿಟ್ಟ. "ಬಾಯಲ್ಲಿ ಹೇಳಿದ್ದು ಗಾಳೀಲಿ ಹೋಗುತ್ತೆ ಸಾರ್. ಬರೀರಿ. ಕೆಳಗಡೆ ನೀವು ಯಾರು ಅಂತ ಪೂರ್ತಿ ಹಾಕಿ. ಜನ ಅವತ್ತು ನಂಬಿದ್ದೇ ಅದನ್ನ ನೋಡಿ."

ಸೋಮಲಿಂಗಪ್ಪ ಖಾಲಿ ಕುರ್ಚಿಯಲ್ಲಿ ಕುಳಿತು ಫೋನು ತೆಗೆದರು. ಒಂದೊಂದೇ ಅಕ್ಷರ ಒತ್ತಿದರು. 'ನನ್ನ ಗದ್ದದ ಗಾಯಕ್ಕೆ ಯಲ್ಲಯ್ಯನ ಬ್ಲೇಡು ಕಾರಣವಲ್ಲ. ನನ್ನದೇ ಸತ್ತ ಹಲ್ಲು ಕಾರಣ. ಅದನ್ನು ಅವನು ಮೊದಲ ದಿನವೇ ಗುರುತಿಸಿದ್ದ. ನಾನು ಗುರುತಿಸಲಿಲ್ಲ. ಎಲ್ಲರೂ ಮತ್ತೆ ಅವನ ಅಂಗಡಿಗೆ ಹೋಗಬೇಕೆಂದು ಕೈಮುಗಿದು ಕೇಳುತ್ತೇನೆ.'

ಕೆಳಗಿನ ಸಾಲಿಗೆ ಬಂದಾಗ ಬೆರಳು ನಿಂತಿತು. ಯಲ್ಲಯ್ಯ ನೋಡುತ್ತಲೇ ಇದ್ದ. ಅವರು ಬರೆದು ಮುಗಿಸಿದರು.

'ಡಾ. ಸೋಮಲಿಂಗಪ್ಪ, ದಂತವೈದ್ಯರು, ಮೂವತ್ತೆರಡು ವರ್ಷಗಳ ಅನುಭವ.'