ಕಂಪನಿ ಎತ್ತುವವರು

ತಜ್ಞರು ಗೋಡೆಗೆ ಕಿವಿಯಿಟ್ಟು ನಿಂತಿದ್ದರು.

ಮಹಡಿಯಲ್ಲಿ ಚಿಕ್ಕಪ್ಪಂದಿರ ಮೀಟಿಂಗ್ ನಡೆಯುತ್ತಿದ್ದ ಹೊತ್ತದು. ರಸ್ತೆಯಿಂದ ಮೆಟ್ಟಿಲಿಳಿದು ಒಳಗೆ ಬಂದವರೇ ಕೆಲಸಕ್ಕೆ ಕೈಹಾಕಿದ್ದು ನೋಡಿ ಬೀಗದ ಕಾರ್ಖಾನೆಯ ಒಡತಿಗೆ ಎದೆ ಹಗುರಾಯಿತು. ಇವರನ್ನು ಹುಡುಕಿದ್ದು ಅವಳ ತಮ್ಮ. ಹುಟ್ಟಿದ ಮೇಲೆ ಮೊದಲ ಸಲ ಅವನಿಂದ ಒಂದು ಉಪಯೋಗವಾಗಿತ್ತು.

ಬೀಗ ಮಾಡುವ ಕಂಪನಿಗೇ ಬೀಗ ಬೀಳುವ ಹಾಗಾಗಿತ್ತು. ಅಪ್ಪ ತೀರಿಕೊಂಡ ಮೇಲೆ ಮಹಡಿ ಹತ್ತಿ ಕುಳಿತ ಮೂವರು ಚಿಕ್ಕಪ್ಪಂದಿರು ಇಳಿದಿರಲಿಲ್ಲ. ಅಂಗಡಿಯವರು ಕೇಳಿದ ಹೊಸ ನಮೂನೆಯ ಬೀಗ ಒಬ್ಬರಿಗೆ ಹಿಡಿಸಿದರೆ ಇನ್ನೊಬ್ಬರಿಗೆ ಹಿಡಿಸದು. ಮೂರನೆಯವರು ನಿದ್ದೆಯಿಂದ ಎದ್ದ ಮೇಲೆ ಹೇಳಬೇಕು. ಅಷ್ಟರಲ್ಲಿ ಗಿರಾಕಿ ಬೇರೆ ಕಡೆ ಹೋಗಿರುತ್ತಿದ್ದ. ಕೊನೆಗೆ ಮೂವರೂ ಒಪ್ಪಿದ್ದು ಒಂದೇ ವಿಷಯಕ್ಕೆ: ಕೆಳಗಿನ ಕೆಲಸಗಾರರಲ್ಲಿ ಅರ್ಧ ಜನರನ್ನು ಮನೆಗೆ ಕಳಿಸುವುದು. ಚಿಕ್ಕವಳಿದ್ದಾಗ ತನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಓಡಾಡಿದವರನ್ನು ಕಳಿಸುವುದು ಹೇಗೆ? ಒಡತಿಗೆ ಊಟ ಸೇರುತ್ತಿರಲಿಲ್ಲ.

ಅವಳ ತಮ್ಮ ತಜ್ಞರಿಗೆ ಫೋನಿನಲ್ಲಿ ಹೇಳಿದ್ದು ಇಷ್ಟೇ: "ನಮ್ಮ ಕಂಪನಿ ನೆಲ ಕಚ್ಚಿದೆ, ಎತ್ತಿಕೊಡ್ತೀರಾ?"

ಅತ್ತಲಿಂದ ಬಂದ ಉತ್ತರವೂ ಚಿಕ್ಕದೇ. "ಎತ್ತೋಣ."

"ಇದಕ್ಕೆ ಮುಂಚೆ ಏನೇನು ಎತ್ತಿದೀರಿ?" ಒಡತಿ ತಜ್ಞರನ್ನು ಕೇಳಿದಳು.

"ಎರಡು ಶಾಲೆ, ಒಂದು ಆಸ್ಪತ್ರೆ. ಹೋದ ವರ್ಷ ಒಂದು ಬ್ಯಾಂಕು."

"ಬ್ಯಾಂಕೇ?"

"ಒಳಗಿದ್ದೋರಿಗೆ ಗೊತ್ತೇ ಆಗಲಿಲ್ಲ. ಅವರ ಪಾಡಿಗೆ ಅವರು ಕೆಲಸ ಮಾಡ್ತಾ ಇದ್ರು."

ಒಡತಿ ಅವರಿಗೆ ಇನ್ನೊಂದು ಲೋಟ ಚಹಾ ತರಿಸಿದಳು.

"ಬಿರುಕು ಬಿಟ್ಟಿದ್ದು ಯಾವಾಗ?" ತಜ್ಞರು ಕೇಳಿದರು.

"ಅಪ್ಪ ಹೋದ ಮೇಲೆ. ಅಲ್ಲಿವರೆಗೆ ಎಲ್ಲ ಗಟ್ಟಿಯಾಗೇ ಇತ್ತು."

ತಜ್ಞರು ತಲೆಯೆತ್ತಿ ನೋಡಿದರು. "ಮೇಲೆ ಭಾರ ಜಾಸ್ತಿಯಾಗಿದೆ."

"ನನಗೂ ಹಾಗೇ ಅನ್ಸುತ್ತೆ. ಹೇಳೋಕೆ ಧೈರ್ಯ ಬರಲ್ಲ."

"ಮೇಲಿರೋದನ್ನ ಪೂರ್ತಿ ಇಳಿಸದೆ ನಾನಂತೂ ಕೈ ಹಾಕಲ್ಲ."

"ಆದರೆ ಚಿಕ್ಕಪ್ಪಂದಿರು ಕೆಳಗೇ ಅರ್ಧ ತೆಗೀಬೇಕು ಅಂತಾರೆ."

ತಜ್ಞರು ಬೆಚ್ಚಿಬಿದ್ದರು. "ಯಾರ್ರೀ ಅವರು? ಕೆಳಗಿಂದ ಒಂದೇ ಒಂದು ತೆಗೆದ್ರೂ ಇಡೀ ಕಂಪನಿ ಕೂತುಬಿಡುತ್ತೆ. ಅದರ ಮೇಲೇ ತಾನೇ ಎಲ್ಲ ನಿಂತಿರೋದು?"

ಒಡತಿಯ ಕಣ್ಣು ತುಂಬಿ ಬಂತು. ಅಪ್ಪನನ್ನು ಬಿಟ್ಟರೆ ಇಂಥ ಮಾತನ್ನು ಬೇರೆ ಯಾರೂ ಆಡಿದ್ದನ್ನು ಅವಳು ಕೇಳಿರಲಿಲ್ಲ. ಮೇಲೆ ಖಾಲಿಯಾದ ಕೂಡಲೇ ತಿಳಿಸಿ ಎಂದು ಹೇಳಿ ತಜ್ಞರು ಹೊರಟುಹೋದರು.

ಅವಳು ನೇರ ಮಹಡಿ ಹತ್ತಿ, ಮೇಲಿರುವವರು ಪೂರ್ತಿ ಇಳಿಯಬೇಕಂತೆ ಎಂದಳು. "ಯಾರು ಹೇಳಿದ್ದು?" ಎಂದು ಹಿರಿಯ ಚಿಕ್ಕಪ್ಪ ಗುಡುಗಿದರು. "ತಜ್ಞರು" ಎಂದಳು. ಬ್ಯಾಂಕನ್ನೇ ಎತ್ತಿದವರು ಎಂದೂ ಸೇರಿಸಿದಳು. ಮೂವರೂ ಎದ್ದರು. ದಿಂಬು, ಫ್ಯಾನು, ಆರಾಮಕುರ್ಚಿ ಸಮೇತ ಅವರು ಮನೆ ಸೇರಿದರು.

ಆಮೇಲೆ ಅಡ್ಡಗಾಲು ಹಾಕುವವರೇ ಇರಲಿಲ್ಲ. ಅಂಗಡಿಯವರು ಕೇಳಿದ ಬೀಗವನ್ನು ಕೆಳಗಿನ ಕೆಲಸಗಾರರು ಅದೇ ವಾರ ಮಾಡಿಕೊಟ್ಟರು. ಹೋದ ಗಿರಾಕಿಗಳು ಮರಳಿದರು, ಜೊತೆಗೆ ತಮ್ಮ ಭಾವಂದಿರನ್ನೂ ಕರೆತಂದರು. ಬೇಸಿಗೆ ಮುಗಿಯುವಷ್ಟರಲ್ಲಿ ಎರಡು ಪಾಳಿ ಕೆಲಸ ನಡೆಯುತ್ತಿತ್ತು. ಕೆಲಸಗಾರರಲ್ಲಿ ಒಬ್ಬರನ್ನೂ ಮನೆಗೆ ಕಳಿಸಬೇಕಾಗಲಿಲ್ಲ. ಒಡತಿ ಹೊಟ್ಟೆ ತುಂಬ ಉಂಡಳು.

ಈ ಗಡಿಬಿಡಿಯಲ್ಲಿ ತಜ್ಞರಿಗೆ ತಿಳಿಸುವುದೇ ಮರೆತುಹೋಗಿತ್ತು. ಒಡತಿ ನೆನಪಾಗಿ ಫೋನ್ ಮಾಡಿದ ಮರುದಿನ ಬೆಳಿಗ್ಗೆಯೇ ಅವರು ಬಂದರು. ಒಡತಿ ಬಾಗಿಲಿಗೇ ಹೋಗಿ ಕೈಮುಗಿದಳು.

"ನಮ್ಮ ಕಂಪನೀನ ಎತ್ತಿಬಿಟ್ರಿ ನೀವು. ಈ ಉಪಕಾರ ನಾನು ಸಾಯೋವರೆಗೂ ಮರೆಯಲ್ಲ."

ತಜ್ಞರು ಕಕ್ಕಾಬಿಕ್ಕಿಯಾಗಿ ಹಿಂದೆ ನಿಂತಿದ್ದ ಲಾರಿಯ ಕಡೆ ನೋಡಿದರು.

"ನಾನಿನ್ನೂ ಎಲ್ಲಿ ಎತ್ತಿದೆ ಮೇಡಂ? ಜಾಕಿಗಳು ಈಗ ಇಳೀತಾ ಇವೆ. ಬಿಲ್ಡಿಂಗ್ ಮೂರಡಿ ಎತ್ತಿದ್ರೆ ಸಾಕಾ, ನಾಲ್ಕಡಿ ಬೇಕಾ?"